ಮಾದೇಶನ ಪ್ರಿಂಟರ್, ಗೋವಿಂದಮ್ಮನ ಹಲ್ಲು

ನಂಜನಗೂಡಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಕ್ಕದ ಕೋಣೆಯಲ್ಲಿ ಮಾದೇಶ್ ಹಲ್ಲಿನ ಸೆಟ್ ಮಾಡುತ್ತಾನೆ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದರ ಮೇಲೆ ಮೇಣ ಮೆತ್ತಿ, ತಕ್ಕ ಹಲ್ಲು ಕೂರಿಸಿ ಕೊಡುವುದು ಅವನ ಕಸುಬು. ದೇವನೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ಅರ್ಧ ತಾಲ್ಲೂಕಿನ ಬಾಯಿ ತುಂಬಿಸಿದ್ದಾನೆ. ಜನರ ಮುಖ ಮರೆಯುತ್ತಾನೆ, ದವಡೆ ಮರೆಯುವುದಿಲ್ಲ. ಒಮ್ಮೆ ನನ್ನ ಅಂಗಡಿಯಲ್ಲಿ ಆಧಾರ್ ಕಾರ್ಡು ಹಿಡಿದು ನಿಂತಿದ್ದ ಮುದುಕರೊಬ್ಬರು ಆಕಳಿಸಿದ ಮೇಲಷ್ಟೇ, "ಓ, ಹೆಡತಲೆ ಊರಿನವ್ರಲ್ವಾ?" ಎಂದು ಗುರುತು ಹಿಡಿದ.

ಅವನ ತಾಯಿ ಗೋವಿಂದಮ್ಮನ ಬಾಯಲ್ಲಿ ಮಾತ್ರ ಎಂಟು ವರ್ಷದಿಂದ ಒಂದು ಹಲ್ಲೂ ಇರಲಿಲ್ಲ. ಕೇಳಿದರೆ, "ಮಾಡ್ಬೇಕು ಕಣ್ ಮೂರ್ತಣ್ಣ, ಈ ಅರ್ಜೆಂಟ್ ಕೆಲ್ಸ ಒಂದು ಮುಗೀಲಿ" ಎನ್ನುತ್ತಿದ್ದ. ಮೊದಮೊದಲು ಬೈದೆ. ಆಮೇಲೆ ನನಗೂ ಅರ್ಜೆಂಟ್ ಕೆಲಸಗಳು ಬಂದವು.

ಕಳೆದ ವರ್ಷ ಡಾಕ್ಟರುಗಳು ಒಬ್ಬೊಬ್ಬರಾಗಿ ಅಚ್ಚು ತೆಗೆಯುವುದನ್ನೇ ನಿಲ್ಲಿಸಿದರು. ಬಾಯಿಯೊಳಗೆ ಪುಟ್ಟ ಕ್ಯಾಮೆರಾ ಆಡಿಸಿ ಕಂಪ್ಯೂಟರ್ ಫೈಲು ಕಳಿಸತೊಡಗಿದರು. ಫೈಲಿಗೆ ಮೇಣ ಮೆತ್ತಲು ಬರುವುದಿಲ್ಲ. ಅವನಿಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಕೊಡುತ್ತಿದ್ದವರು ಟಿ. ನರಸೀಪುರದ ಡಾಕ್ಟರ್ ಶಿವರಂಜನಿ. ಅವರು ಸುತ್ತಿ ಬಳಸದೆ ಹೇಳಿದರು: "ಮಾದೇಶ್, ನೀವೊಂದು ಪ್ರಿಂಟರ್ ತಗೊಳ್ಳಿ. ಪ್ರಿಂಟ್ ಮಾಡಿದ ಸೆಟ್ಟನ್ನ ಒಂದು ತಿಂಗಳು ಯಾರ ಬಾಯಲ್ಲಾದ್ರೂ ಇಟ್ಟು ತೋರ್ಸಿ. ತಡ್ಕೊಂಡ್ರೆ ನನ್ನ ಕೆಲ್ಸ ಎಲ್ಲಾ ನಿಮ್ಗೇ. ಇಲ್ದಿದ್ರೆ ಮೈಸೂರಿಗೆ ಕಳಿಸ್ತೀನಿ." ಆ ಕೆಲಸ ಕೈತಪ್ಪಿದರೆ ಮಾದೇಶ್ ಕೋಣೆಗೆ ಬೀಗ ಹಾಕುವುದೊಂದೇ ಬಾಕಿ.

ಪ್ರಿಂಟರ್ ಎಂದ ಮೇಲೆ ಸಲಹೆಗೆ ಅವನು ಬಂದದ್ದು ನನ್ನ ಹತ್ತಿರ. ನನಗೆ ಗೊತ್ತಿದ್ದದ್ದು ಕಾಗದದ ಪ್ರಿಂಟರ್. ಇದು ಬೇರೆ. ರೆಸಿನ್ ಎಂಬ ಅಂಟಂಟು ದ್ರವವನ್ನು ತಟ್ಟೆಗೆ ಸುರಿದರೆ, ಕೆಳಗಿನ ಬೆಳಕು ಅದನ್ನು ಪದರ ಪದರವಾಗಿ ಗಟ್ಟಿ ಮಾಡಿ ಹಲ್ಲು ಬೆಳೆಸುತ್ತದೆ. ಹಾಗಂತ ನಾನು ಗೊತ್ತಿಲ್ಲ ಎನ್ನಲಿಲ್ಲ.

ಮೈಸೂರಿನ ಏಜೆಂಟನೊಬ್ಬ ನಾಲ್ಕು ಲಕ್ಷದ ಮಿಷನ್ನಿನ ಚಿತ್ರ ತೋರಿಸಿದ. ಅದಕ್ಕೆ ಆ ಕಂಪನಿಯ ಬಾಟಲಿಯ ರೆಸಿನ್ನೇ ಆಗಬೇಕು, ಬೇರೆಯದು ಹಾಕಿದರೆ ಓಡುವುದಿಲ್ಲ. ನನ್ನ ಮೊದಲ ಜೆರಾಕ್ಸ್ ಮಿಷನ್ನೂ ಹೀಗೆಯೇ ಕಂಪನಿಯ ಇಂಕಿನ ಪುಡಿಯನ್ನಷ್ಟೇ ತಿನ್ನುತ್ತಿತ್ತು. ಆರು ವರ್ಷ ನಾನು ದುಡಿದದ್ದು ಅದರ ಹೊಟ್ಟೆಗೆ. "ಬೇಡ, ಯಾರ ಬಾಟ್ಲಿ ಆದ್ರೂ ಕುಡಿಯೋದು ತಗೊ" ಎಂದೆ. ಮೂವತ್ತು ಸಾವಿರದ ಪುಟ್ಟ ಪ್ರಿಂಟರ್ ತರಿಸಿದ. ಜೊತೆಗೆ ತೊಳೆಯುವ ಡಬ್ಬಿ, ಗಟ್ಟಿ ಮಾಡುವ ನೀಲಿ ದೀಪದ ಪೆಟ್ಟಿಗೆ, ಮತ್ತು ನನ್ನ ಒತ್ತಾಯಕ್ಕೆ ಒಂದು ಯುಪಿಎಸ್. ನಮ್ಮ ಬೀದಿಯ ಕರೆಂಟನ್ನು ನಂಬಿದರೆ ಅರ್ಧ ದವಡೆಯೇ ಗತಿ. ಇಲ್ಲಿಯವರೆಗೆ ಅವನು ಮಾಡಿದ್ದೆಲ್ಲ ಸರಿ ಎಂದು ಈಗಲೂ ಹೇಳುತ್ತೇನೆ.

ರೆಸಿನ್ನಿನಲ್ಲಿ ಮೂರು ಬಗೆ. ಅಗ್ಗದ್ದು ಬರೀ ಮಾದರಿ ಮಾಡಲು, ಅದನ್ನು ಬಾಯಿಗೆ ಇಡಬಾರದು. ದುಬಾರಿಯದು ಕಾಯಂ ಸೆಟ್ಟಿಗೆ. ನಡುವಿನದನ್ನು ಬಾಯಿಗೆ ಇಡಬಹುದು, ಆದರೆ ಕೆಲವು ತಿಂಗಳ ತಾತ್ಕಾಲಿಕ ಹಲ್ಲಿಗೆ. ಏಜೆಂಟ್ ಮಾತ್ರ, "ಎಲ್ಲಾರೂ ಕಾಯಂ ಸೆಟ್ಗೂ ಇದ್ನೇ ಹಾಕ್ತಾವ್ರೆ ಸಾ" ಎಂದು ಆಣೆ ಮಾಡಿದ. ಮೂರು ದರದ ಸಾಮಾನಿದ್ದರೆ ನಮ್ಮ ಕಡೆ ಯಾವಾಗಲೂ ಕೊಳ್ಳುವುದು ನಡುವಿನದನ್ನೇ. ಮಾದೇಶನೂ ಅದನ್ನೇ ಕೊಂಡ.

ಈಗ ಒಂದು ತಿಂಗಳಿಗೆ ಒಂದು ಖಾಲಿ ಬಾಯಿ ಬೇಕಿತ್ತು. ಎಂಟು ವರ್ಷದ ಕೆಲಸ ಹೀಗೆ ಅರ್ಜೆಂಟಾಯಿತು. ಗೋವಿಂದಮ್ಮನನ್ನು ಟಿ. ನರಸೀಪುರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದ, ಸೆಟ್ ಪ್ರಿಂಟ್ ಮಾಡಿ ಹಾಕಿದ. ಆಕೆ ಕನ್ನಡಿ ನೋಡಿ, "ಇದ್ಯಾರ್ಲಾ ಇವ್ಳು?" ಎಂದರಂತೆ.

ದಿನವೂ ಅವನು ನೋಟ್‌ಪುಸ್ತಕದಲ್ಲಿ ಬರೆದ. ಮಧ್ಯಾಹ್ನ: ಮುದ್ದೆ, ಸೊಪ್ಪಿನ ಸಾರು. ಹಲ್ಲು: ಚೆನ್ನಾಗಿದೆ. ರಾತ್ರಿ: ಮುದ್ದೆ, ಹುರುಳಿ ಸಾರು. ಹಲ್ಲು: ಚೆನ್ನಾಗಿದೆ. ಮೂವತ್ತು ದಿನಕ್ಕೆ ಅರವತ್ತು ಮುದ್ದೆ. ಪ್ರತಿ ಬೆಳಿಗ್ಗೆ ನನಗೆ ಓದಿ ಹೇಳುತ್ತಿದ್ದ, ನಾನು ಭೇಷ್ ಎನ್ನುತ್ತಿದ್ದೆ. ಆ ಪುಸ್ತಕವನ್ನು ನಾನೇ ಜೆರಾಕ್ಸ್ ಮಾಡಿ, ಸ್ಪೈರಲ್ ಬೈಂಡಿಂಗ್ ಹಾಕಿ ಕೊಟ್ಟೆ. ಡಾಕ್ಟರು ಪುಟ ತಿರುವಿ ಹಾಕಿ, ಮೂಗೂರಿನ ಬೆಲ್ಲದ ವ್ಯಾಪಾರಿ ಬೆಟ್ಟಸ್ವಾಮಿಯವರ ಮೇಲ್ದವಡೆಯ ಸೆಟ್ಟನ್ನು ಇವನಿಗೆ ಒಪ್ಪಿಸಿದರು.

ಸೆಟ್ ಹಾಕಿಸಿಕೊಂಡ ಎಂಟನೆಯ ದಿನ ಬೆಟ್ಟಸ್ವಾಮಿ ಬಸ್ಸಿಳಿದು ನೇರವಾಗಿ ಮಾದೇಶನ ಕೋಣೆಗೆ ಬಂದರು. ನಾನೂ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಅವರು ಅಂಗಿ ಜೇಬಿನಿಂದ ಎರಡು ತುಂಡು ತೆಗೆದು ಮೇಜಿನ ಮೇಲಿಟ್ಟರು. ಸೆಟ್ ಸರಿಯಾಗಿ ನಡುಮಧ್ಯಕ್ಕೆ ಮುರಿದಿತ್ತು.

"ಬೀಗರ ಮನೇಲಿ ಚಕ್ಕುಲಿ ಕೊಟ್ರು" ಎಂದರು. "ನಾನು ಕಚ್ಚಿದ್ದು ಒಂದೇ ಸಲ."

"ಟೆಸ್ಟ್ ಮಾಡಿದ್ದೆ ಸಾ. ನಮ್ಮವ್ವ ಮೂವತ್ತು ದಿನ ಆಕ್ಕೊಂಡವ್ರೆ, ಏನೂ ಆಗಿರ್ಲಿಲ್ಲ" ಎಂದ ಮಾದೇಶ್, ನೋಟ್‌ಪುಸ್ತಕ ಮುಂದಿಟ್ಟ.

ಬೆಟ್ಟಸ್ವಾಮಿ ಕನ್ನಡಕ ಏರಿಸಿ ನಾಲ್ಕು ಪುಟ ಓದಿದರು. ಆಮೇಲೆ ಕೇಳಿದರು, "ಅಲ್ಲ ಕಣಪ್ಪ, ಮುದ್ದೇನ ಯಾರು ಅಗೀತಾರೆ?"

ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗುವುದು. ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಮಾದೇಶ್ ನುಂಗುತ್ತಾ ಬೆಳೆದವನು, ನಾನೂ ನುಂಗುವವನೇ. ನುಂಗಿ ನುಂಗಿ ಅದು ನಮಗೆ ತೋಚಲೇ ಇಲ್ಲ. ಅರವತ್ತು ಮುದ್ದೆ ಆ ಹಲ್ಲಿನ ಪಕ್ಕದಿಂದ ಸುಮ್ಮನೆ ಹಾದುಹೋಗಿದ್ದವು.

ಬೈಂಡಿಂಗ್ ಹಾಕಿದವನು ನಾನಾದ್ದರಿಂದ ಆ ಸಂಜೆ ಅವನ ಜೊತೆ ದೇವನೂರಿಗೆ ಹೋದೆ. ಗೋವಿಂದಮ್ಮ ಹೊಸ ಹಲ್ಲು ಬಿಟ್ಟು ನಕ್ಕು ನನ್ನನ್ನು ಒಳಗೆ ಕರೆದರು.

"ಅವ್ವ, ನೀ ಒಂದಿನಾನೂ ಅಗಿದು ನೋಡ್ನಿಲ್ವಾ?" ಎಂದು ಮಾದೇಶ್ ರೇಗಿದ.

"ಅಲ್ಲು ಎಂಗದೆ ಅಂತ ಕೇಳ್ದೆ, ಚೆಂದಾಗದೆ ಅಂದೆ. ಅಗಿ ಅಂತ ಯೋಳಿದ್ಯಾ?"

"ಸಾರಲ್ಲಿ ಕಾಳಿತ್ತಲ್ಲವ್ವ? ಭಾನುವಾರ ಕೋಳಿ ಮಾಡಿದ್ರಲ್ಲ?"

"ಕಾಳೂ ತುಂಡೂ ಯಾವಾಗ್ಲೂ ಬದೀಗ್ ಮಡಗದು. ಸಾರು ಉಣ್ಣದು" ಎಂದರು. "ಎಂಟು ವರ್ಸ ಆಯ್ತಲ್ಲ ಮಗಾ, ಅಗಿಯದೇ ಮರ್ತೋಗದೆ" ಎಂದರು.

ಅದರಲ್ಲಿ ದೂರು ಇರಲಿಲ್ಲ, ಅದೇ ಕಷ್ಟವಾಯಿತು. ಮಾದೇಶ್ ಗೋಡೆ ಕಡೆ ತಿರುಗಿ ಕೂತ. ಅವನು ಅಳುತ್ತಿದ್ದ. ನನಗೆ ನನ್ನ ಬಗ್ಗೆಯೇ ಅಸಹ್ಯವಾಯಿತು. ದಿನಾ ಬೆಳಿಗ್ಗೆ ನಾವಿಬ್ಬರೂ ಹಲ್ಲಿನ ಕ್ಷೇಮ ವಿಚಾರಿಸುತ್ತಿದ್ದೆವು, ಮುದುಕಿ ಹೇಗೆ ತಿನ್ನುತ್ತಿದ್ದಾಳೆ ಎಂದು ಕೇಳಿರಲಿಲ್ಲ.

ಮಾರನೆಯ ದಿನ ಅವನು ದುಬಾರಿ ಬಾಟಲಿ ತರಿಸಿದ. ಬೆಟ್ಟಸ್ವಾಮಿಯವರಿಗೆ ಹಳೆಯ ಕ್ರಮದಲ್ಲೇ, ಅಚ್ಚು ತೆಗೆಸಿ, ಮೇಣ ಮೆತ್ತಿ ಕೈಯಿಂದಲೇ ಸೆಟ್ ಮಾಡಿಕೊಟ್ಟ. ಡಾಕ್ಟರಿಗೆ ಫೋನು ಮಾಡಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಅವರು, "ಆ ಪುಸ್ತಕ ನಾನೂ ಓದಿದ್ನಲ್ಲ" ಎಂದರಂತೆ. "ಇನ್ನೊಂದೇ ಸಲ. ಒಂದು ತಿಂಗಳು ಬಿಟ್ಟು ನಿಮ್ಮ ತಾಯೀನೇ ಕರ್ಕೊಂಡ್ಬನ್ನಿ. ಪುಸ್ತಕ ಬೇಡ."

ದುಬಾರಿ ರೆಸಿನ್ನಿನಲ್ಲಿ ತಾಯಿಗೆ ಹೊಸ ಸೆಟ್ ಪ್ರಿಂಟ್ ಮಾಡಿ ಹಾಕಿದ. ಆ ತಿಂಗಳು ಮಾದೇಶ್ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ತಾಯಿಯ ಎದುರು ಕೂತು ಉಂಡು ಬರುತ್ತಿದ್ದ. ಮೊದಲ ವಾರ ಬೆಂದ ಕಾಳು, ಎರಡನೆಯ ವಾರ ರೊಟ್ಟಿ, ಮೂರನೆಯದರಲ್ಲಿ ಕೋಳಿ. ಮಗುವಿಗೆ ಹೇಳಿಕೊಡುವಂತೆ ತಾನೂ ಅಗಿದು ತೋರಿಸುತ್ತಿದ್ದ.

ತಿಂಗಳು ತುಂಬಿದ ದಿನ ಅಂಗಡಿ ಮುಚ್ಚಿ ನಾನೂ ಟಿ. ನರಸೀಪುರಕ್ಕೆ ಹೋದೆ. ಬಸ್ ನಿಲ್ದಾಣದಲ್ಲಿ ಒಂದು ಪೊಟ್ಟಣ ಹುರಿಗಾಳು ಕೊಂಡೆ. ಬೇಕೆಂದೇ ಗಟ್ಟಿ ಕಾಳು ಆರಿಸಿದ್ದೆ. ಕ್ಲಿನಿಕ್ಕಿನಲ್ಲಿ ಗೋವಿಂದಮ್ಮ ಪೊಟ್ಟಣ ಬಿಚ್ಚಿ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕಟಕಟ ಸದ್ದಿಗೆ ಹೊರಗೆ ಕೂತವರೂ ಇಣುಕಿ ನೋಡಿದರು. ಎರಡನೆಯ ಹಿಡಿ ಮುಗಿದ ಮೇಲೆ ಡಾಕ್ಟರು ಸೆಟ್ ತೆಗೆಸಿ, ಬೆಳಕಿಗೆ ಹಿಡಿದು ಎಲ್ಲ ಕಡೆ ನೋಡಿದರು. ಒಂದು ಗೀರೂ ಇರಲಿಲ್ಲ. "ನಾಳೆಯಿಂದ ಫೈಲ್ ಕಳಿಸ್ತೀನಿ ಮಾದೇಶ್" ಎಂದರು.

ಗೋವಿಂದಮ್ಮ ಸೆಟ್ ಈಸಿಕೊಂಡು ಹಾಕಿಕೊಂಡು, ಮೂರನೆಯ ಹಿಡಿಗೆ ಕೈ ಹಾಕಿದರು.

"ಸಾಕಮ್ಮ, ಟೆಸ್ಟ್ ಮುಗೀತು" ಎಂದರು ಡಾಕ್ಟರು.

"ತಡೀರವ್ವ" ಎಂದರು ಗೋವಿಂದಮ್ಮ, ಅಗಿಯುತ್ತಲೇ. "ಎಂಟು ವರ್ಸದ್ದು ಬಾಕಿ ಅದೆ."