ಕೆರೆಗೆ ಇಳಿದ ಸೈಕಲ್ಲುಗಳು

ಹುಬ್ಬಳ್ಳಿಯಿಂದ ಬೆಳಗಿನ ಆರಕ್ಕೆ ಹೊರಡಬೇಕಿತ್ತು. ಹೊರಟಾಗ ಬಿಸಿಲು ಚುರುಗುಟ್ಟುತ್ತಿತ್ತು. ಹಸಿರು ಬಾವುಟ ಬೀಸಬೇಕಾದ ಅತಿಥಿಗಳು ಬಂದಿರಲಿಲ್ಲ. ಅವರಿಲ್ಲದೆ ಗಾಲಿ ತಿರುಗುವುದಿಲ್ಲವೇ ಎಂದು ಕೇಳಿದೆ. ನಾನು ಹೈಸ್ಕೂಲೊಂದರಲ್ಲಿ ಆಟದ ಟೀಚರ್. ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಸಾಲಿನಲ್ಲಿ ನಿಲ್ಲಿಸುವುದೇ ನನ್ನ ಕೆಲಸ. ಕೊರಳಿನ ಸೀಟಿ ರಜೆಯಲ್ಲೂ ಕೊರಳಲ್ಲೇ ಇರುತ್ತದೆ, ಸಿಟ್ಟೂ ಹಾಗೆಯೇ.

ನಮ್ಮದು ಇಪ್ಪತ್ತು ಚಿಲ್ಲರೆ ಜನರ ತಂಡ. ಹಳ್ಳಿಯ ಶಾಲೆಗಳಿಗೆ ಕುಡಿಯುವ ನೀರಿನ ಘಟಕ ಹಾಕಿಸಲು ದೇಣಿಗೆ ಕೂಡಿಸುವ ಸೈಕಲ್ ಸವಾರಿ. ಹುಬ್ಬಳ್ಳಿಯಿಂದ ಕಲಘಟಗಿ, ಅಲ್ಲಿಂದ ಕುಂದಗೋಳ, ಅಣ್ಣಿಗೇರಿ, ನವಲಗುಂದ ಮುಟ್ಟಿ ಮತ್ತೆ ಹುಬ್ಬಳ್ಳಿಗೆ. ದಿನಕ್ಕೊಂದು ಊರಿನಲ್ಲಿ ವಸತಿ. ಎಲ್ಲರಿಗೂ ನೀಲಿ ಟೀ ಶರ್ಟ್ ಕೊಟ್ಟಿದ್ದರು, ಬೆನ್ನ ಮೇಲೆ ‘ಶುದ್ಧ ನೀರಿಗಾಗಿ ಸವಾರಿ’ ಎಂದು ಬರೆದಿತ್ತು. ನನ್ನ ತವರು ಅಣ್ಣಿಗೇರಿಯ ಕಡೆಯದು. ಅವ್ವನ ಜೊತೆ ಟೊಂಕದ ಮೇಲೆ ಕೊಡ ಹೊತ್ತು ಬೆಳೆದವಳು ನಾನು. ಹಾಗಾಗಿ ಕೇಳಿದ ಕೂಡಲೇ ಹೆಸರು ಬರೆಸಿದೆ.

ತಂಡದ ಮುಖಂಡ ಕಿರಣ, ಕಟ್ಟಡದ ಗುತ್ತಿಗೆದಾರ. ಅವನ ಬಲಗೈ ಸುಹಾಸ, ಹಲ್ಲಿನ ಡಾಕ್ಟರು. ಇಬ್ಬರ ಸೈಕಲ್ಲುಗಳೂ ಒಂದು ಕೈಯಲ್ಲಿ ಎತ್ತುವಷ್ಟು ಹಗುರ. ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಹಳೆಯ ಟ್ಯೂಬಿನಿಂದ ಬಿಗಿದ ಚೀಲ ನೋಡಿ ಕಿರಣ ನಕ್ಕ.

“ಟೀಚರ್, ಹಾಲು ಹಾಕಾಕ ಹೊಂಟೀರೇನು?”

“ನಿನ್ನ ಸೈಕಲ್ ಬಿದ್ದಾಗ ಅದನ್ನ ಹೇರಿಕೊಂಡು ಬರಾಕ ಬೇಕಲ್ಲೋ,” ಎಂದೆ.

ಕಲಘಟಗಿಯವರೆಗೆ ರಸ್ತೆ ಚೆನ್ನಾಗಿತ್ತು. ಎರಡೂ ಕಡೆ ಕೊಯ್ಲಾದ ಭತ್ತದ ಗದ್ದೆ, ದೂರದಲ್ಲಿ ಕಾಡಿನ ಅಂಚು, ಡಿಸೆಂಬರಿನ ತಂಪು ಗಾಳಿ. ಊರೊಳಗೆ ಹೋದ ಕೂಡಲೇ ಸನ್ಮಾನ. ವೇದಿಕೆ ಹತ್ತು, ಶಾಲು ಹೊದೆ, ಫೋಟೋಕ್ಕೆ ನಗು. ಆಮೇಲೆ ಗೊತ್ತಾಯಿತು, ಆ ಶಾಲುಗಳನ್ನು ನಮ್ಮ ಸಾಮಾನು ಹೊರುವ ವ್ಯಾನೇ ಡಬ್ಬಿಯಲ್ಲಿ ತುಂಬಿಕೊಂಡು ಬಂದಿತ್ತು. ಹೊದಿಸಿದ ಮೇಲೆ ಮಡಚಿ ಮತ್ತೆ ಡಬ್ಬಿಗೆ, ಮರುದಿನ ಕುಂದಗೋಳದಲ್ಲಿ ಅವೇ ಶಾಲು, ಅವೇ ಹೆಗಲು. ಕುಂದಗೋಳದ ವೇದಿಕೆಯ ಹಿಂದಿನ ಮನೆಯಲ್ಲಿ ಯಾರೋ ಹಾರ್ಮೋನಿಯಂ ನುಡಿಸುತ್ತಿದ್ದರು. ಭಾಷಣಕ್ಕೆ ತೊಂದರೆಯಾಗುತ್ತದೆಂದು ನಮ್ಮವರು ಹೋಗಿ ಅದನ್ನು ನಿಲ್ಲಿಸಿ ಬಂದರು! ಅದೂ ಸಂಗೀತಕ್ಕೆ ಹೆಸರಾದ ಊರಿನಲ್ಲಿ. ಅಂದು ದೇಣಿಗೆ ಡಬ್ಬಿಗೆ ಬಿದ್ದದ್ದಕ್ಕಿಂತ ಹೆಚ್ಚು ಹೂವು ನಮ್ಮ ಮೈಮೇಲೆ ಬಿತ್ತು.

ಅಣ್ಣಿಗೇರಿಯಲ್ಲಿ ತಂಗಿದ ರಾತ್ರಿ ಹೊತ್ತಲ್ಲದ ಹೊತ್ತಿನ ಮಳೆ ಸುರಿಯಿತು. ಬೆಳಿಗ್ಗೆ ನೋಡಿದರೆ ಬಿಡಿಸದೆ ಉಳಿದ ಹತ್ತಿ ಗಿಡದಲ್ಲೇ ತೊಯ್ದು ಜೋತುಬಿದ್ದಿತ್ತು. ಶಲವಡಿಯ ಮೇಲಿಂದ ನವಲಗುಂದಕ್ಕೆ ಹೋಗುವುದು ಅಂದಿನ ಕೆಲಸ. ಶಲವಡಿಯಲ್ಲಿ ಬಿಸಿ ಮಿರ್ಚಿ ತಿಂದು ಚಹಾ ಕುಡಿಯುತ್ತಿದ್ದಾಗ ಕಿರಣ ಫೋನಿನಲ್ಲಿ ನಕ್ಷೆ ತೆಗೆದ. ಹೊಲದ ನಡುವೆ ಒಂದು ದಾರಿ ಇದೆ, ಮುಂದಿನ ಊರಿಗೆ ನೆಟ್ಟಗೆ ಹೋಗುತ್ತದೆ, ಡಾಂಬರು ರಸ್ತೆಯ ಸುತ್ತು ಉಳಿಯುತ್ತದೆ ಎಂದ. ಸಂಜೆ ನವಲಗುಂದದ ವೇದಿಕೆಗೆ ದೊಡ್ಡ ಮಂದಿ ಬರುವವರಿದ್ದರು, ಅದಕ್ಕೇ ಅವಸರ.

ಚಹಾದಂಗಡಿಯವನು ಕೈ ಅಡ್ಡ ಮಾಡಿದ. “ಕರೀ ಎರಿ ಮಣ್ಣ್ರಿ ಅದು. ಮಳಿ ಆಗೈತಿ. ಎತ್ತು ಸೈತ ಕಾಲ್ ಎತ್ತಂಗಿಲ್ಲ.”

“ನಮ್ಮವು ಮೌಂಟೇನ್ ಬೈಕ್ ಅದಾವ್ರಿ,” ಎಂದ ಸುಹಾಸ.

ನಾನೂ ಹೇಳಿದೆ, ಬೈದೂ ಹೇಳಿದೆ. ಗುಂಪು ಹೊಲದ ದಾರಿ ಹಿಡಿಯಿತು. ವ್ಯಾನು ಮೈಕು, ಬ್ಯಾನರು, ಶಾಲಿನ ಡಬ್ಬಿ ಹೊತ್ತು ಮೊದಲೇ ನವಲಗುಂದಕ್ಕೆ ಹೋಗಿತ್ತು. ನಾನೊಬ್ಬಳೇ ಡಾಂಬರಿನ ಮೇಲೆ ಸುತ್ತು ಹಾಕಿಕೊಂಡು ಹೊರಟೆ.

ಆ ಮುಂದಿನ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಡಿ ಎಂದು ಅವರೇ ಕೇಳಿಕೊಂಡರು. ಯಾಕೆಂಬುದು ಮುಂದೆ ತಿಳಿಯುತ್ತದೆ.

ಊರ ಬಾಗಿಲಲ್ಲಿ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದ ಹೆಂಗಸು ನನ್ನನ್ನು ನಿಲ್ಲಿಸಿದಳು. ಹೆಸರು ನೀಲವ್ವ, ನನ್ನದೇ ವಯಸ್ಸು.

“ಬೆನ್ನ ಮ್ಯಾಲೆ ಏನ್ ಬರದೈತ್ರಿ ಅಕ್ಕೋರ?”

ಓದಿ ಹೇಳಿದೆ.

“ಛಲೋ ಕೆಲಸ ಬಿಡ್ರಿ. ಒಳಗ ಬರ್ರಿ, ನೀರ್ ಕುಡೀರಿ.”

ಬೆಲ್ಲದ ಚೂರು ಕೊಟ್ಟು ತಂಬಿಗೆ ಮುಂದಿಟ್ಟಳು. ನೀರು ಸಿಹಿಯಾಗಿತ್ತು. ಅವರ ಊರಿನ ಬೋರಿನ ನೀರು ಸವಳು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಕಾಲುವೆಗೆ ನೀರು ಬಿಟ್ಟಾಗ ಕೆರೆ ತುಂಬಿಸಿಕೊಳ್ಳುತ್ತಾರೆ, ಅದನ್ನೇ ಇಡೀ ಊರು ಕುಡಿಯುತ್ತದೆ.

“ಇನ್ನ ಬ್ಯಾಸಿಗಿ ತನಕ ಇದ ನೀರ್ರಿ,” ಎಂದಳು. “ಹಿಂಗಾಗಿ ಕೆರಿ ಅಂದ್ರ ನಮಗ ದೇವರ ಮನಿ ಇದ್ದಂಗ. ಗೇಟಿನ ಹೊರಗ ಚಪ್ಲಿ ಬಿಡಬೇಕು. ಪಾವಟಗಿ ಮ್ಯಾಲೆ ನಿಂತು ಬಾಗಿ ಕೊಡ ತುಂಬಬೇಕು, ನೀರಾಗ ಕಾಲ್ ಇಡೂ ಹಂಗಿಲ್ಲ. ಎಮ್ಮಿ ಮೈ ತೊಳ್ಯಾಕ, ಅರಬಿ ಒಗ್ಯಾಕ ಬ್ಯಾರೆ ಹೊಂಡ ಐತಿ.”

ಇದು ನನಗೆ ಹೊಸದಲ್ಲ. ನಮ್ಮ ಕೆರೆಯಲ್ಲಿ ಒಮ್ಮೆ ಬೆರಳು ಅದ್ದಿದ್ದಕ್ಕೆ ಅವ್ವ ನನ್ನ ಬೆನ್ನ ಮೇಲೆ ಬಾರಿಸಿದ್ದಳು.

ಅಷ್ಟರಲ್ಲಿ ಹೊರಗೆ ಕೂಗಾಟ ಕೇಳಿತು. ನೀಲವ್ವ ಎದ್ದು ಬರಿಗಾಲಲ್ಲೇ ಓಡಿದಳು, ಹಿಂದೆ ನಾನು.

ನಮ್ಮ ತಂಡ ಎರೆ ಹೊಲದಿಂದ ಎದ್ದು ಬಂದಿತ್ತು. ಗಾಲಿ ತಿರುಗದಷ್ಟು ಕೆಸರು ಮೆತ್ತಿಕೊಂಡ ಸೈಕಲ್ಲುಗಳನ್ನು ಹೆಗಲ ಮೇಲೆ ಹೊತ್ತು ತಂದಿದ್ದರು. ಕಣ್ಣಿಗೆ ನೀರು ಕಂಡಿದೆ, ಸೀದಾ ಇಳಿದಿದ್ದಾರೆ. ಬೂಟು ಹಾಕಿಕೊಂಡು ಮೊಣಕಾಲುದ್ದ ನೀರಿನಲ್ಲಿ ನಿಂತು ಸೈಕಲ್ ಅದ್ದಿ ಅದ್ದಿ ತೊಳೆಯುತ್ತಿದ್ದಾರೆ. ಸುಹಾಸ ಚೈನಿನ ಜಿಡ್ಡು ತೆಗೆಯುವ ಯಾವುದೋ ಎಣ್ಣೆಯನ್ನು ಬಾಟಲಿಯಿಂದ ಚಿಮುಕಿಸುತ್ತಿದ್ದಾನೆ. ನೀರಿನ ಮೇಲೆ ಬಣ್ಣಬಣ್ಣದ ಪದರ ಹರಡುತ್ತಿತ್ತು. ಎಲ್ಲರ ಬೆನ್ನ ಮೇಲೂ ‘ಶುದ್ಧ ನೀರಿಗಾಗಿ ಸವಾರಿ’. ಒಬ್ಬ ದಂಡೆಯಲ್ಲಿ ನಿಂತು ಫೋಟೋ ತೆಗೆಯುತ್ತಿದ್ದ. ಗೇಟಿನ ಹೊರಗೆ ಊರವರ ಚಪ್ಪಲಿಗಳು ಸಾಲಾಗಿ ಇದ್ದವು. ಅವನ್ನು ದಾಟಿಕೊಂಡೇ ಇವರು ಒಳಗೆ ಹೋಗಿದ್ದರು. ಯಾಕೆ ಇಲ್ಲಿ ಬಿಟ್ಟಿದ್ದಾರೆಂದು ಒಬ್ಬನಿಗೂ ಅನ್ನಿಸಿರಲಿಲ್ಲ.

ನೀಲವ್ವ ಕೈ ಎತ್ತಿ ಒದರಿದಳು. “ಹೊರಗ ಬರ್ರೋ! ಹೊರಗ ಬರ್ರಿ!”

ಒಬ್ಬನು ಅವಳಿಗೆ ತಿರುಗಿ ಕೈ ಬೀಸಿದ. ನಾನು ಸೀಟಿ ಊದಿದೆ. ನನ್ನ ಜನ್ಮದಲ್ಲಿ ಅಷ್ಟು ಜೋರಾಗಿ ಊದಿರಲಿಲ್ಲ. ಆಗ ಎಲ್ಲರೂ ನಿಂತರು. ಏನೇನು ಬೈದೆನೋ, ಅದನ್ನು ಅಚ್ಚಿಗೆ ಹಾಕುವಂತಿಲ್ಲ.

ಊರು ನೆರೆಯಿತು. ಕಿರಣ ಮುಖ ಒರೆಸಿಕೊಳ್ಳುತ್ತ ಮೇಲೆ ಬಂದ. “ಸಾರಿ ರೀ, ಗೊತ್ತಾಗ್ಲಿಲ್ಲ. ಆದ್ರ ಕೆರಿ ದೊಡ್ಡದೈತಿ, ಇಷ್ಟಕ್ಕ ಏನೂ ಆಗಂಗಿಲ್ಲ.”

ಅವನ ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ ಇತ್ತು. ನೀಲವ್ವ ಅದಕ್ಕೆ ಬೆರಳು ಮಾಡಿದಳು.

“ಅದರಾಗ ನನ್ನ ಚಪ್ಲಿ ಅದ್ದಿ ಕೊಡ್ತೀನಿ. ಕುಡೀತೀರೇನ್ರಿ?”

ಕಿರಣ ಜೇಬಿಗೆ ಕೈ ಹಾಕಿ, ಊರಿಗೆ ಏನಾದರೂ ಕೊಟ್ಟು ಹೋಗುತ್ತೇವೆ ಎಂದ. ಊರ ಹಿರಿಯರಾದ ಬಸಪ್ಪ ಕಾಕಾ ಮುಂದೆ ಬಂದರು.

“ರೊಕ್ಕ ಕುಡ್ಯಾಕ ಬರಂಗಿಲ್ಲಪಾ,” ಎಂದರು. “ಇವತ್ತ ನಮ್ಮ ಮಂದಿ ಈ ನೀರು ಮುಟ್ಟಂಗಿಲ್ಲ. ಆಚಿ ಊರ ಕೆರಿಯಿಂದ ತರಬೇಕು. ತಂದು ಕೊಡ್ರಿ.”

ನ್ಯಾಯವಾದ ಮಾತು. ನಾನು ನಮ್ಮವರ ಕಡೆ ನೋಡಿದೆ. ಅವರೆಲ್ಲ ತಮ್ಮ ಸೈಕಲ್ಲುಗಳ ಕಡೆ ನೋಡಿದರು. ಕೊಡ ಕಟ್ಟಲು ಒಂದರಲ್ಲೂ ಜಾಗವಿರಲಿಲ್ಲ. ಕಿರಣ ಗಡಿಯಾರ ನೋಡಿ, ನವಲಗುಂದದಲ್ಲಿ ಜನ ಕಾಯುತ್ತಿದ್ದಾರೆ, ಅಲ್ಲಿಂದ ಟ್ಯಾಂಕರ್ ಕಳಿಸುತ್ತೇನೆ ಎಂದ. ಹೋದರು. ತೊಳೆದು ಲಕಲಕ ಹೊಳೆಯುವ ಸೈಕಲ್ ಹತ್ತಿ ಹೋಗಿಯೇ ಬಿಟ್ಟರು! ಟ್ಯಾಂಕರ್ ಬರಲಿಲ್ಲ. ಹೇಸಿಗೆಯವರು.

ಸುಹಾಸ ಮಾತ್ರ ಹೋಗಲಿಲ್ಲ. ಕೆರೆಯ ದಂಡೆಯಲ್ಲಿ ಬೂಟು ಬಿಚ್ಚಿ ಕೂತಿದ್ದ. “ಟೀಚರ್, ಆ ಎಣ್ಣಿ ಹಾಕಿದಾಂವ ನಾನ,” ಎಂದ. ಸಮಾಧಾನ ಮಾಡುವ ಮನಸ್ಸು ನನಗಿರಲಿಲ್ಲ. “ಹೌದು, ನೀನ. ಏಳು,” ಎಂದೆ.

ಊರವರು ಕ್ಯಾರಿಯರ್ ಇದ್ದ ಹಳೆಯ ಸೈಕಲ್ಲುಗಳನ್ನು ಹೊರಗೆ ತೆಗೆದರು. ಕ್ಯಾರಿಯರಿನ ಎರಡೂ ಬದಿಗೆ ಪ್ಲಾಸ್ಟಿಕ್ ಕೊಡ ತೂಗುಹಾಕಿ ಹಗ್ಗ ಬಿಗಿದರು. ಬಸಪ್ಪ ಕಾಕಾ ಮುಂದೆ, ಹಿಂದೆ ಊರಿನ ಕೆಲವರು, ನಾನು, ಸುಹಾಸ. ಆಚೆಯ ಊರು ನಾಲ್ಕೈದು ಕಿಲೋಮೀಟರ್ ಇದ್ದೀತು. ಹೋಗುವಾಗ ಸುಲಭ. ತುಂಬಿದ ಕೊಡ ಕಟ್ಟಿಕೊಂಡು ಬರುವಾಗ ಸೈಕಲ್ಲು ಅತ್ತಿತ್ತ ವಾಲಾಡುತ್ತದೆ, ನೀರು ತುಳುಕಿ ಕಾಲು ತೊಯ್ಯುತ್ತದೆ. ಸುಹಾಸ ಮೊದಲ ಸಲ ಊರು ಮುಟ್ಟಿದಾಗ ಅವನ ಕೊಡದಲ್ಲಿ ಅರ್ಧ ಉಳಿದಿತ್ತು. ಮತ್ತೆ ತುಂಬಿಕೊಳ್ಳಲು ತಿರುಗಿ ಹೋದ.

ಆಚೆ ಊರಿನ ಕೆರೆಯ ಗೇಟಿನಲ್ಲಿ ಹೆಂಗಸೊಬ್ಬಳು ಕೇಳಿದಳು, “ಯಾಕ ಕಾಕಾ, ನಿಮ್ಮ ಕೆರಿಗೆ ಏನಾತು?”

“ಪಾವಟಗಿ ರಿಪೇರಿ ನಡದೈತಿ ಯವ್ವಾ,” ಎಂದರು ಬಸಪ್ಪ ಕಾಕಾ.

ನಾನು ಬೆರಗಾಗಿ ಅವರ ಮುಖ ನೋಡಿದೆ. ಬರುವ ದಾರಿಯಲ್ಲಿ ಕೇಳಿಯೇ ಬಿಟ್ಟೆ, ಯಾಕೆ ಸುಳ್ಳು ಹೇಳಿದಿರಿ, ಖರೆ ಹೇಳಿ ನಮ್ಮ ಮಾನ ತೆಗೆಯಬೇಕಿತ್ತು.

“ಊರಿಗೆ ಬಂದವ್ರ ಮಾನ ತಗದು ನಮಗೇನ್ ಸಿಗತೈತ್ರಿ? ಮತ್ತ ನಮ್ಮ ಕೆರಿ ಹೊಲಸಾತು ಅಂತ ಸುದ್ದಿ ಆದ್ರ, ಬೀಗರು ಬಂದಾಗ ತಂಬಿಗಿ ಹಿಡಿಯಾಕ ಹಿಂದ ಮುಂದ ನೋಡ್ತಾರ. ನೀವೂ ಎಲ್ಲ್ಯರ ಬರದ್ರ ನಮ್ಮೂರ ಹೆಸರ ಹಾಕಬ್ಯಾಡ್ರಿ ಅಕ್ಕೋರ.”

ಬೈದಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ನಮ್ಮ ಹೊಲಸನ್ನು ಮುಚ್ಚಿಡುವ ಕೆಲಸವೂ ಅವರ ಪಾಲಿಗೇ ಬಂತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕತ್ತಲಾಗುವ ತನಕ ಹೊತ್ತೆವು. ಅತ್ತ ಊರವರು ಕೆರೆಯ ಆ ಮೂಲೆಗೆ ಹತ್ತಿಯ ಅರಳೆ ತೇಲಿಬಿಟ್ಟು, ಎಣ್ಣೆ ಹೀರಿದ್ದನ್ನು ಬಿದಿರಿನಿಂದ ಎಳೆದು ತೆಗೆಯುತ್ತಿದ್ದರು. ಮಳೆಗೆ ಹಾಳಾದ ಹತ್ತಿಗೆ ಒಂದು ಉಪಯೋಗ ಸಿಕ್ಕಿತು ಎಂದು ಯಾರೋ ಅಂದರು. ರಾತ್ರಿ ನೀಲವ್ವ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಬಡಿಸಿದಳು. ಬೇಳೆ ಮಾಡಿರಲಿಲ್ಲ. ಬೇಳೆಗೆ ಸಾಲುವಷ್ಟು ನೀರು ಎಲ್ಲರ ಮನೆಗೂ ಮುಟ್ಟಿರಲಿಲ್ಲ.

ಬೆಳಿಗ್ಗೆ ಹೊರಟಾಗ ಅವಳೇ ಬಂದು ನನ್ನ ಬಾಟಲಿ ತುಂಬಿದಳು. ಬೇಡ, ಊರಿಗೇ ಸಾಲದು ಎಂದೆ. “ಹಂಗ ಖಾಲಿ ಕೈಲೆ ಕಳಸಾಕ ಬರ್ತೈತೇನ್ರಿ?” ಎಂದಳು. ಕೆರೆಯ ಗೇಟಿಗೆ ಅಡ್ಡ ಹಗ್ಗ ಕಟ್ಟಿದ್ದರು. ಪಕ್ಕದಲ್ಲಿ ಇಬ್ಬರು ಕಾವಲು ಕೂತಿದ್ದರು. ಡಾಂಬರು ರಸ್ತೆಗೆ ಬರುವ ತನಕ ಸುಹಾಸ ಹಿಂದಿರುಗಿ ನೋಡುತ್ತಲೇ ಇದ್ದ.

ಹುಬ್ಬಳ್ಳಿ ಮುಟ್ಟಿದಾಗ ಮೈದಾನದಲ್ಲಿ ಸಮಾರೋಪ ಜೋರಾಗಿ ನಡೆದಿತ್ತು. ವೇದಿಕೆಯ ಬದಿಗೆ ಮನೆಯೆತ್ತರದ ಹೊಸ ಫ್ಲೆಕ್ಸು. ಅದರಲ್ಲಿ ಆ ಕೆರೆ. ನೀರಿನಲ್ಲಿ ನಿಂತ ನೀಲಿ ಟೀ ಶರ್ಟುಗಳು, ಹೊಳೆಯುವ ಸೈಕಲ್ಲುಗಳು, ದಂಡೆಯ ಮೇಲೆ ಕೈ ಎತ್ತಿದ ನೀಲವ್ವ. ಕೆಳಗೆ ದಪ್ಪ ಅಕ್ಷರದಲ್ಲಿ ‘ನೀರಿನ ಅರಿವು ಮೂಡಿಸಿದ ಸವಾರರಿಗೆ ಗ್ರಾಮದ ಮಹಿಳೆಯ ಸ್ವಾಗತ’.

ನನ್ನ ಹೆಸರು ಕರೆದರು. ಹತ್ತಿದೆ. ಕಿರಣ ಹೊದಿಸಲು ಬಂದ ಶಾಲನ್ನು ಅವನ ಕೈಗೇ ಮಡಚಿ ಕೊಟ್ಟು, ಮೈಕ್ ಹಿಡಿದು, ಆ ಹೆಂಗಸು ಕೈ ಎತ್ತಿ ಏನು ಹೇಳಿದಳೆಂದು ಹೇಳತೊಡಗಿದೆ. ಮೈಕ್ ಬಂದ್ ಮಾಡಿದರು. ಮೈದಾನದಲ್ಲಿ ಕೂಗಿ ಬದುಕುವವಳಿಗೆ ಮೈಕ್ ಯಾಕೆ ಬೇಕು? ಊರ ಹೆಸರೊಂದು ಬಿಟ್ಟು ಎಲ್ಲವನ್ನೂ ಹೇಳಿದೆ, ಟ್ಯಾಂಕರಿನ ಮಾತನ್ನೂ ಸೇರಿಸಿ. ಸುಹಾಸ ಕೆಳಗಿನಿಂದಲೇ, “ಖರೆ ಐತಿ, ಎಣ್ಣಿ ಹಾಕಿದಾಂವ ನಾನ,” ಎಂದು ಕೂಗಿದ. ಮುಂದಿನ ಸಾಲಿನವರು ಎದ್ದು ಹೋದರು. ಹಿಂದಿನ ಸಾಲಿನ ಕೆಲವರು ಚಪ್ಪಾಳೆ ತಟ್ಟಿದರು.

ಆಮೇಲೊಂದು ದಿನ ನೀಲವ್ವನಿಗೆ ಫೋನ್ ಮಾಡಿದೆ. ಕೆರೆಯ ಹಗ್ಗ ಬಿಚ್ಚಿದ್ದರಂತೆ.

“ಕುಡ್ಯಾಕತ್ತೀವ್ರಿ ಅಕ್ಕೋರ, ಮತ್ತೇನ್ ಮಾಡೂದು? ಖರೆ ತಂಬಿಗಿ ಬಾಯಿಗಿಟ್ಟಾಗ ಒಮ್ಮೆ ಬೂಟು ನೆನಪಾಕ್ಕಾವು.”

ಫ್ಲೆಕ್ಸು ಇನ್ನೂ ಅಲ್ಲೇ, ಮೈದಾನದ ರಸ್ತೆ ಬದಿಯಲ್ಲಿ ಇದೆ. ಶಾಲೆಗೆ ಹೋಗುವ ದಾರಿಯಲ್ಲಿ ದಿನಾ ಕಾಣುತ್ತದೆ. ತೆಗೆಸಿ ಎಂದು ಎರಡು ಸಲ ಜಗಳ ಮಾಡಿ ಬಂದಿದ್ದೇನೆ. ಅದರ ಕೆಳಗೆ ಬಸ್ಸಿಗೆ ಕಾಯುವವರು ತಲೆ ಎತ್ತಿ ನೋಡಿ, ಊರಿನ ಹೆಂಗಸು ಎಷ್ಟು ಪ್ರೀತಿಯಿಂದ ಕೈ ಬೀಸುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ನೀಲವ್ವ ಅಲ್ಲಿ ನಿಂತು, ಹೊರಗ ಬರ್ರಿ, ಹೊರಗ ಬರ್ರಿ ಎಂದು ಇನ್ನೂ ಒದರುತ್ತಲೇ ಇದ್ದಾಳೆ.