ಅನಿತಾಳ ಕಿವಿಗೆ ಬಿದ್ದದ್ದು

ಹೊನ್ನವಳ್ಳಿಯ ಹನುಮಂತಯ್ಯನವರ ಮನೆಯಲ್ಲಿ ಅಟ್ಟದ ಕಾಯಿ ಯಾವಾಗ ಇಳಿಸಬೇಕೆಂದು ಹೇಳುತ್ತಿದ್ದವಳು ಮಗಳು ಅನಿತಾ. ಉಂಡೆ ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದ ಕಾಯಿ ಒಳಗೊಳಗೇ ನೀರು ಬತ್ತಿ ಒಣಗಲು ಹತ್ತು ಹನ್ನೊಂದು ತಿಂಗಳು ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದು ಬಂದರೆ ಬಿಡಬೇಕು. ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಇಳಿಸಬೇಕು. ಹನ್ನೆರಡನೇ ವಯಸ್ಸಿನಿಂದ ಈ ಕೆಲಸ ಮಾಡಿದ ಅನಿತಾ ತಪ್ಪಿದ್ದು ಕಡಿಮೆ. “ನಮ್ ಹುಡ್ಗಿ ಕಿವಿ ಅಂದ್ರೆ ಕಿವಿ ಕಣಪ್ಪ” ಎಂದು ಅವಳಪ್ಪ ತಿಪಟೂರಿನವರೆಗೂ ಹೇಳಿಕೊಂಡು ಬಂದಿದ್ದರು.

ಅವಳಿಗೀಗ ಇಪ್ಪತ್ತನಾಲ್ಕು. ಬಿ.ಎಡ್. ಮುಗಿಸಿ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಎರಡನೇ ಸಲ ಓದುತ್ತಿದ್ದಳು. ಮೂರು ತಿಂಗಳಿಂದ ನಿದ್ದೆ ಎರಡು ಗಂಟೆಗೆ ಇಳಿದಿತ್ತು. ಒಂದು ದಿನ ಓದುತ್ತಿದ್ದಾಗ ಅಟ್ಟದಿಂದ ಯಾರೋ ಹೆಸರು ಹಿಡಿದು ಕೂಗಿದರು. ಹತ್ತಿ ನೋಡಿದರೆ ಕಾಯಿ ಮಾತ್ರ. ಆಮೇಲೆ ಆ ದನಿ ದಿನವೂ ಬಂತು. ಗಂಡೋ ಹೆಣ್ಣೋ ತಿಳಿಯುತ್ತಿರಲಿಲ್ಲ. ಕಾಯಿ ಅಲ್ಲಾಡಿಸಿದರೆ “ಆಗೈತೆ, ಇಳ್ಸು” ಎನ್ನುತ್ತಿತ್ತು.

ದನಿಯ ಮಾತೆತ್ತದೆ, ಕಾಯಿ ಆಗಿದೆ ಎಂದಷ್ಟೇ ಅವಳು ಅಪ್ಪನಿಗೆ ಹೇಳಿದಳು. ಅಟ್ಟಕ್ಕೆ ಹಾಕಿ ಏಳೇ ತಿಂಗಳಾಗಿತ್ತು. ಆದರೂ ಮಗಳ ಕಿವಿಯ ಮೇಲಿನ ನಂಬಿಕೆಯಿಂದ ಹನುಮಂತಯ್ಯ ಆಳು ಕರೆದರು. ಇನ್ನೂರು ಕಾಯಿ ಸುಲಿದರು. ಚಿಪ್ಪು ಒಡೆಯಲು ಕೂತಿದ್ದ ಸಿದ್ದಕ್ಕನ ಮಡಿಲ ಮೇಲೆ ನೀರು ಚೆಲ್ಲಿತು.

“ಏನವ್ವ ಅನಿತಾ, ಕೊಬ್ಬರಿ ಅಂತ ಕರ್ದು ಎಳನೀರು ಕುಡಿಸ್ತೀಯಲ್ಲ! ಓದಿ ಓದಿ ಕಿವಿಗೂ ನಿದ್ದೆ ಬಂತಾ?”

ಎಲ್ಲರೂ ನಕ್ಕರು. ಅನಿತಾಳಿಗೆ ಮಾತ್ರ ಏನೂ ಅರ್ಥವಾಗಲಿಲ್ಲ. ಒಂದೊಂದನ್ನೂ ಕೇಳಿಯೇ ಅಲ್ಲವೇ ಹೇಳಿದ್ದು? ಇವರೇ ಬೇರೆ ಕಾಯಿ ತಂದಿಟ್ಟರೇ? ನಗುತ್ತಿರುವುದು ಕಾಯಿಗೋ, ತನಗೋ?

ಮಗಳು ರಾತ್ರಿ ಒಬ್ಬಳೇ ಅಟ್ಟ ನೋಡುತ್ತ ಕೂರುವುದನ್ನು ಕಂಡಿದ್ದ ಅವ್ವ ಬೋರಮ್ಮ ನಗಲಿಲ್ಲ. ಅವಳಿಗೇನೂ ಇಲ್ಲವೆಂದು ಗಂಡ ಅಂದರೂ ಕೇಳದೆ, ಮರುದಿನವೇ ಅವಳನ್ನು ತಿಪಟೂರಿನ ಮನೋವೈದ್ಯೆ ಮೀನಾ ಅವರಲ್ಲಿಗೆ ಕರೆದೊಯ್ದಳು. “ನಿದ್ದೆ ಬರಲ್ಲ” ಎಂದಷ್ಟೇ ಅನಿತಾ ಹೇಳಿದಳು. “ಬೇರೇನೂ ಹೇಳ್ಬೇಡ” ಎಂದು ದನಿ ಎಚ್ಚರಿಸಿತ್ತು. ಡಾಕ್ಟರು ಕೆಲವು ರಕ್ತಪರೀಕ್ಷೆ ಬರೆದರು. ಅವುಗಳಲ್ಲಿ ಕಾರ್ಟಿಸಾಲ್ ಒಂದು. ಒತ್ತಡದಲ್ಲಿ ಏರುವ ಈ ಹಾರ್ಮೋನು ಬೆಳಿಗ್ಗೆ ಹೆಚ್ಚಿದ್ದು ರಾತ್ರಿಗೆ ಇಳಿಯುತ್ತದೆ. ಹಾಗಾಗಿ ರಕ್ತವನ್ನು ಬೆಳಿಗ್ಗೆ ಎಂಟಕ್ಕೇ ಕೊಡಬೇಕಿತ್ತು.

ಮುಂದಿನ ವಾರ ಅಪ್ಪನೂ ಬಂದರು. ವರದಿಯ ಅಂಕಿಗಳೆಲ್ಲ ಮಿತಿಯೊಳಗೇ ಇದ್ದವು.

“ನಾನು ಅವತ್ತೇ ಹೇಳ್ಲಿಲ್ವೇನೇ?” ಹನುಮಂತಯ್ಯ ಹೆಂಡತಿಯ ಕಡೆ ತಿರುಗಿ ಗೆದ್ದವರಂತೆ ಎದ್ದರು. “ನಮ್ ಹುಡ್ಗಿಗೆ ಏನೂ ಇಲ್ಲ. ನಡೀರಿ, ಬಸ್ಸಿಗೆ ಹೊತ್ತಾಯ್ತು.”

“ಕೂತ್ಕೊಳ್ಳಿ ಯಜಮಾನ್ರೆ,” ಎಂದರು ಡಾಕ್ಟರು. “ಮೈಯಲ್ಲಿ ಬೇರೇನಾದ್ರೂ ಕಾಯಿಲೆ ಇದ್ದು ನಿದ್ದೆ ಕೆಟ್ಟಿದೆಯಾ ಅಂತ ನೋಡೋಕೆ ಮಾಡ್ಸಿದ್ದು.”

ಅಪ್ಪ ಕೂರಲಿಲ್ಲ. ಅನಿತಾ ವರದಿಯನ್ನು ಕೈಗೆ ತೆಗೆದುಕೊಂಡು ಮೂರು ಸಲ ಓದಿದಳು. ರಕ್ತದಲ್ಲಿ ತಪ್ಪಿಲ್ಲ. ಹಾಗಾದರೆ ದನಿ? ಒಪ್ಪಿದರೆ ಹುಚ್ಚಿ ಅನ್ನುತ್ತಾರೆ. ಒಪ್ಪದಿದ್ದರೆ ಇವತ್ತೇ ಮನೆಗೆ ಹೋಗಿ ಅದರ ಜೊತೆ ಒಬ್ಬಳೇ ಇರಬೇಕು. “ಸುಮ್ನಿರು” ಎಂದಿತು ಅದು. ಎಡಗಿವಿಯಲ್ಲೋ ಬಲಗಿವಿಯಲ್ಲೋ ಗೊತ್ತಾಗಲಿಲ್ಲ.

“ಮೇಡಂ, ರಕ್ತ ಸರಿ ಐತೆ ಅಂದ್ರೆ… ನಂಗೆ ಕೇಳ್ಸೋ ದನಿ ನಿಜಾನಾ?”

ಬಾಗಿಲ ಹತ್ತಿರ ಹೋಗಿದ್ದ ಹನುಮಂತಯ್ಯ ನಿಂತರು.

“ನಿನಗೆ ಕೇಳ್ಸೋದು ನಿಜ, ಅನಿತಾ. ಆದ್ರೆ ಮಾತಾಡೋರು ಯಾರೂ ಅಲ್ಲಿಲ್ಲ,” ಎಂದರು ಡಾಕ್ಟರು ನಿಧಾನವಾಗಿ. “ಇಂಥ ಕಾಯಿಲೆ ಶುರುವಾದಾಗ ಕೆಲವರಿಗೆ ಈ ಕಾರ್ಟಿಸಾಲ್ ಹಾರ್ಮೋನಿನ ಏರಿಳಿತ ಬದಲಾಗಿರುತ್ತೆ, ಕೆಲವರಿಗೆ ಇಲ್ಲ. ಅದೊಂದನ್ನೇ ನೋಡಿ ಕಾಯಿಲೆ ಇದೆ ಅಂತಾನೂ ಹೇಳಕ್ಕಾಗಲ್ಲ, ಇಲ್ಲ ಅಂತಾನೂ ಹೇಳಕ್ಕಾಗಲ್ಲ. ನೀನು ಹೇಳಿದ್ರೇ ನಮಗೆ ಗೊತ್ತಾಗೋದು. ಬೇಗ ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ಔಷಧಿ ಇದೆ.”

“ಯಾವಾಗಿಂದ ಮಗಾ?” ಅಪ್ಪನ ದನಿ ಒಡೆಯಿತು. ಇದು ಅಪ್ಪನದೇ ಹೌದೋ ಅಲ್ಲವೋ ಎಂದು ಅನಿತಾ ಒಮ್ಮೆ ಅವರ ತುಟಿ ನೋಡಿದಳು. ತುಟಿ ಅಲ್ಲಾಡುತ್ತಿತ್ತು.

“ಯುಗಾದಿ ಹಿಂದಿನ ವಾರ,” ಎಂದವಳು ತಡೆದಳು. “ಇಲ್ಲ, ಅದಕ್ಕೂ ಮುಂಚೆ. ಸರಿಯಾಗಿ ಗೊತ್ತಿಲ್ಲಪ್ಪ.”

“ಗೊತ್ತಿರೋಷ್ಟು ಹೇಳವ್ವ,” ಎನ್ನುತ್ತ ಹನುಮಂತಯ್ಯ ಕುರ್ಚಿಯನ್ನು ಮಗಳ ಪಕ್ಕಕ್ಕೆ ಎಳೆದುಕೊಂಡು ಕೂತರು.