ತುಳಸಿಯ ಬುಡಕ್ಕೆ ಇಳಿದ ತಂತಿ

ಅಥವಾ ಆ ಬಿದಿರು ಗಳ ಅಷ್ಟೆತ್ತರ ಇರಲೇ ಇಲ್ಲವೇನೋ. ನೆನಪಿನಲ್ಲಿ ಅದು ವರ್ಷದಿಂದ ವರ್ಷಕ್ಕೆ ಬೆಳೆದಿದೆ. ಈಗ ಹಿತ್ತಲಿನ ಹುಣಸೆಮರವನ್ನೂ ಮೀರಿ ನಿಂತಿದೆ. ಆಗ ಮರವೇ ಎತ್ತರವಿದ್ದಿರಬಹುದು. ಯುದ್ಧದ ಕಾಲದಲ್ಲಿ ಧಾರವಾಡದ ನಮ್ಮ ಮಾಳಿಗೆಯ ಮೇಲೆ ಎರಡು ಬಿದಿರು ಜೋಡಿಸಿ ರೇಡಿಯೋದ ತಂತಿ ಕಟ್ಟಿದವನು ನಾನೇ ಎಂಬುದಷ್ಟೇ ಖಚಿತ.

ಸಿಡಿಲು ಬಂದರೆ ನೆಲಕ್ಕೆ ಇಳಿದುಹೋಗಲೆಂದು ಗಳದಿಂದ ಇನ್ನೊಂದು ತಂತಿ ಇಳಿಸಿ ಹೂಳಬೇಕು, ಅಲ್ಲಿ ಮಣ್ಣು ಸದಾ ಹಸಿ ಇರಬೇಕು ಎಂದು ರೇಡಿಯೋ ಮಾರಿದವನು ಹೇಳಿದ್ದ. ನಮ್ಮಲ್ಲಿ ದಿನಾ ತಪ್ಪದೆ ನೀರು ಬೀಳುವ ಜಾಗ ತುಳಸಿಕಟ್ಟೆಯ ಬುಡ. ಅಲ್ಲೇ ಹೂತೆ.

ಪಕ್ಕದ ಮನೆಯ ಕಾಕು, ಓಣಿಗೆಲ್ಲ ಚಿಕ್ಕಮ್ಮನಂತಿದ್ದವರು, ಗೋಡೆಯಾಚೆಯಿಂದ ನಕ್ಕರು. "ಏನೋ ಮಾಸ್ತರ, ಸಿಡಿಲಿಗೆ ಊಟಕ್ಕ ಕರೀಲಿಕ್ಕೆ ಗಳಾ ನಿಲ್ಲಿಸೀಯೇನು?"

"ನಿಮಗ ಹಾಡ ಕೇಳಸಲಿಕ್ಕೆ ರೀ ಕಾಕು."

"ಹಂಗಾರ ಛಲೋ ಆತು. ಕಿಡಕಿ ತಗದಿಡು."

ಅವರು ಸಂಜೆ ಗೋಡೆಗೊರಗಿ ಕೇಳುತ್ತಿದ್ದರು. ಹಾಡುವವರ ಸ್ವರ ಕೂದಲೆಳೆಯಷ್ಟು ಇಳಿದರೂ "ಬಿತ್ತು!" ಎನ್ನುತ್ತಿದ್ದರು. ಅಂಥ ಕಿವಿ.

ವೈಶಾಖದಲ್ಲಿ ನಮ್ಮ ಭಾವುಬಂದರಲ್ಲಿ, ಅಂದರೆ ದಾಯಾದಿಗಳಲ್ಲಿ, ಒಬ್ಬರು ತೀರಿಕೊಂಡರು. ಹತ್ತು ದಿನ ಸೂತಕ. ನಾವ್ಯಾರೂ ತುಳಸಿಗೆ ನೀರು ಹಾಕುವಂತಿಲ್ಲ. ಸೂತಕವಿಲ್ಲದ ಕಾಕುವಿಗೆ ದಿನಾ ನೀರು ಹಾಕಲು ಅವ್ವ ಹೇಳಿದಳು. ತುಳಸಿ ಒಣಗಬಾರದೆಂದಷ್ಟೇ ಅವಳ ಚಿಂತೆ. ಆ ಬುಡದಲ್ಲಿ ನನ್ನ ತಂತಿಯೂ ಇದೆ, ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾಗಿದೆ ಎಂಬುದು ನನಗೆ ನೆನಪಾಗಲಿಲ್ಲ.

ಎಂಟನೆಯ ದಿನವೋ ಒಂಬತ್ತನೆಯದೋ, ಮಧ್ಯಾಹ್ನ ಮೋಡ ಕಟ್ಟಿತು. ಬಾಗಿಲಿಗೆ ಬಂದಾಗ ಕಾಕು ತಂಬಿಗೆ ಹಿಡಿದು ಅಂಗಳದಲ್ಲಿದ್ದರು. ಬೆಳಕು, ಸದ್ದು. ಕಣ್ಣು ಬಿಟ್ಟಾಗ ಅವರು ಬಿದ್ದಿದ್ದರು, ತಂಬಿಗೆ ದೂರ ಉರುಳಿತ್ತು. ಅಷ್ಟರಲ್ಲಿ ಮಳೆ ಸುರಿದು ಎಲ್ಲವನ್ನೂ ತೋಯಿಸಿಬಿಟ್ಟಿತು.

ಜೀವ ಉಳಿಯಿತು. ಎರಡೂ ಕಿವಿ ಹೋದವು.

ಗಳವೇ ಸಿಡಿಲನ್ನು ಎಳೆದು ತಂದಿತು ಎಂದು ಓಣಿಯವರು ಅಂದರು. ಹುಣಸೆಮರದ ತೊಗಟೆ ಸೀಳಿದ್ದನ್ನು ತೋರಿಸಿ ಅವ್ವ ಜಗಳವಾಡಿದಳು. ಗಳದ ತುದಿಯೂ ಕಪ್ಪಾಗಿತ್ತು. ಕಟ್ಟುವ ಮೊದಲೇ ಕಪ್ಪಿತ್ತೋ ಏನೋ. ತಂತಿ ಕಚೇರಿಯ ಲೈನ್‌ಮನ್ ಒಬ್ಬನನ್ನು ಕೇಳಿದೆ.

"ಎತ್ತರದ್ದು ಸಿಡಿಲನ್ನ ಕರೀತದ ಖರೇ, ಮಾಸ್ತರ. ಬುಡಾ ಹಸಿ ಇದ್ರ ಸೀದಾ ನೆಲಕ್ಕ ಇಳೀತದ. ಒಣಗಿದ್ರ ಬಾಜೂಕ ಜಿಗೀತದ. ಆವತ್ತ ಹಸಿ ಇತ್ತೇನ್ರಿ?"

ಮನೆಗೆ ಬಂದು ಗಳ ಇಳಿಸಿದೆ. ಕಾಕು ಗೋಡೆಯ ಬಳಿ ಬಂದು, ತಮ್ಮ ದನಿ ತಮಗೇ ಕೇಳದೆ, ಕೂಗಿದರು: "ಯಾಕೋ ತಗದಿ? ನನಗ ಕೇಳಂಗಿಲ್ಲ ಅಂತ ನೀನೂ ಕೇಳಬಾರದೇನು?"

ಅವರೊಡನೆ ಮಾತಾಡಲು ಈಗ ಪಾಟಿಯ ಮೇಲೆ ಬರೆಯಬೇಕಿತ್ತು. ಬಳಪ ಕೈಯಲ್ಲೇ ಇತ್ತು. ಅಷ್ಟೂ ದಿನ ನೀರು ಹಾಕಿದ್ದಿರಾ, ಆ ದಿನ ಹಾಕಿಯಾಗಿತ್ತಾ ಎಂದು ಬರೆಯಬಹುದಿತ್ತು. "ಊಟ ಆತೇನ್ರಿ" ಎಂದು ಬರೆದೆ.

ಈಗ ಅವರಿಲ್ಲ. ಸಿಡಿಲು ಗಳಕ್ಕೆ ಬಿತ್ತೋ ಮರಕ್ಕೋ, ತಂಬಿಗೆ ತುಂಬಿತ್ತೋ ಬರಿದಾಗಿತ್ತೋ, ನನಗೆ ಗೊತ್ತಿಲ್ಲ.